ಹಕ್ಕಿ ಗರಿಗೆ ಲ್ಯಾಬ್ ಟೆಸ್ಟ್: ಅನುದಾನದ ದುಡ್ಡಿಗೆ ಸಿಗುವುದೇನು, ಸಿಗದಿರುವುದೇನು

ಸೇವೆ: ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಬೆಂಗಳೂರಿನ ಖಾಸಗಿ ಲ್ಯಾಬ್‌ಗಳಲ್ಲಿ ಮಾಡಿಕೊಡುವ ಲೋಹ ಮತ್ತು ಕೀಟನಾಶಕ ಪರೀಕ್ಷೆ
ಯಾರಿಗೆ: ದಾವಣಗೆರೆ, ಚಿತ್ರದುರ್ಗ ಕಡೆಯ ಕೆರೆಗಳಲ್ಲಿ ಗುಂಪಾಗಿ ಗೂಡು ಕಟ್ಟುವ ನೀರುಹಕ್ಕಿಗಳ ಮೇಲೆ ಕಿರು ಅನುದಾನದಲ್ಲಿ ಕೆಲಸ ಮಾಡುವ ಅಧ್ಯಾಪಕರು, ಪಿಎಚ್‌ಡಿ ವಿದ್ಯಾರ್ಥಿಗಳು
5ಕ್ಕೆ ಅಂಕ: ಪಾದರಸ 4, ಸೀಸ 3, ಕೀಟನಾಶಕ 2, ಕೆರೆ ನೀರಿನ ಪ್ಯಾಕೇಜ್ 1

ಸೂಳೆಕೆರೆಗೋ ಕೊಂಡಜ್ಜಿ ಕೆರೆಗೋ ಏನು ಸೇರುತ್ತಿದೆ ಎಂದು ತಿಳಿಯಲು ಬಕ, ನೀರುಕಾಗೆ, ಕೊಕ್ಕರೆಗಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಮರಿ ಗೂಡಿನಲ್ಲಿರುವಷ್ಟು ದಿನ ತಾಯಿತಂದೆ ಸುತ್ತಮುತ್ತಲ ಮೀನು, ಕಪ್ಪೆ, ಹುಳವನ್ನೇ ತಂದು ಉಣಿಸುತ್ತವೆ. ಆ ನೀರಿನಲ್ಲಿದ್ದದ್ದು ಮೀನಿನಲ್ಲಿ ಹೆಚ್ಚಾಗಿ, ಮರಿಯಲ್ಲಿ ಇನ್ನೂ ಹೆಚ್ಚಾಗಿ ಕೂಡುತ್ತದೆ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಕೆನಡಾದವರು 1974ರಿಂದ ಕಡಲಕ್ಕಿಯ ಮೊಟ್ಟೆ ತೆಗೆದು ನೋಡುತ್ತಿರುವುದು ಇದೇ ತರ್ಕದ ಮೇಲೆ. ನಮ್ಮ ಕಡೆ ಅಂಥ ದೊಡ್ಡ ಕಾರ್ಯಕ್ರಮ ಇಲ್ಲ. ಇರುವುದು ಎರಡು ವರ್ಷದ ಸಣ್ಣ ಅನುದಾನ, ಅದರಲ್ಲಿ ದೊಡ್ಡ ಪಾಲು ತಿನ್ನುವುದು ಲ್ಯಾಬ್ ಬಿಲ್ಲು. ಆದ್ದರಿಂದ ಲ್ಯಾಬ್ ಸೇವೆಯನ್ನು ಕೊಳ್ಳುವವರ ಕಣ್ಣಿನಿಂದಲೇ ನೋಡಬೇಕು.

ಈ ಲ್ಯಾಬ್‌ಗಳ ಯಂತ್ರಗಳ ಬಗ್ಗೆ ದೂರಿಲ್ಲ. ಲೋಹ ಅಳೆಯುವ ಐಸಿಪಿ-ಎಂಎಸ್ ಇದೆ, ಕೀಟನಾಶಕ ಅಳೆಯುವ ಜಿಸಿ-ಎಂಎಸ್ ಇದೆ, ನಡೆಸುವವರು ಪಳಗಿದವರು. ತೊಡಕು ಇರುವುದು ಬೇರೆ ಕಡೆ. ಇವರ ದಿನನಿತ್ಯದ ಕೆಲಸ ಕುಡಿಯುವ ನೀರು, ಮಸಾಲೆ, ಅಕ್ಕಿ, ಹಾಲು. ಇಡೀ ವ್ಯವಸ್ಥೆ ನೀರು, ಆಹಾರದ ಕಾಯ್ದೆಗಳ ಮಿತಿಗೆ ಹೊಂದಿಸಿದ್ದು. ಅಲ್ಲಿಗೆ ಹಕ್ಕಿ ಗರಿ ಕೊಡುವುದೆಂದರೆ ರಾಗಿ ಅಳೆಯುವ ಸೇರಿನಲ್ಲಿ ಬಂಗಾರ ಅಳೆಯಲು ಕೊಟ್ಟಂತೆ. ಮೊದಲೇ ಬಾಯಿಬಿಟ್ಟು ಕೇಳದಿದ್ದರೆ ವರದಿಯ ತುಂಬ ಮೂರೇ ಅಕ್ಷರ ಬರುತ್ತದೆ: ಬಿಡಿಎಲ್, ಅಂದರೆ ಪತ್ತೆಯ ಮಿತಿಗಿಂತ ಕಡಿಮೆ. ‘ಇಲ್ಲ’ ಎಂದು ಅದರ ಅರ್ಥವಲ್ಲ. ಅದನ್ನು ‘ಇಲ್ಲ’ ಎಂದೇ ಓದಿಕೊಂಡು ಪ್ರಬಂಧ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಲೆಕ್ಕ ಹೀಗಿದೆ. 0.1 ಗ್ರಾಂ ಗರಿಯನ್ನು ಆಮ್ಲದಲ್ಲಿ ಕರಗಿಸಿ 50 ಮಿ.ಲೀ. ಮಾಡಿದರೆ ಗರಿ 500 ಪಟ್ಟು ತೆಳುವಾಯಿತು. ದ್ರಾವಣದಲ್ಲಿ ಲ್ಯಾಬ್ ಭರವಸೆಯಿಂದ ಅಳೆಯಬಲ್ಲ ಕನಿಷ್ಠ ಪ್ರಮಾಣ ಲೀಟರಿಗೆ 0.001 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಅದು ಗರಿಯ ಲೆಕ್ಕಕ್ಕೆ ಗ್ರಾಂಗೆ 0.5 ಮೈಕ್ರೋಗ್ರಾಂ. ಗರಿಯಲ್ಲಿ ಪಾದರಸ ಗ್ರಾಂಗೆ 5 ಮೈಕ್ರೋಗ್ರಾಂ ದಾಟಿದರೆ ಮೊಟ್ಟೆ ಮರಿಗೆ ತೊಂದರೆ ಎಂಬುದು ಸಂಶೋಧಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ (ಜಾತಿಯಿಂದ ಜಾತಿಗೆ ಹೆಚ್ಚುಕಡಿಮೆ ಇದೆ), ಹಾಗಾಗಿ 0.5 ಸಾಕು. ಈಗ ಅದೇ ಗರಿಯ ಸೀಸವನ್ನು ಹಳೆಯ ಜ್ವಾಲೆ ಎಎಎಸ್ (ದ್ರಾವಣವನ್ನು ಜ್ವಾಲೆಗೆ ಹಾಯಿಸಿ, ಅದು ಹೀರುವ ಬೆಳಕಿನಿಂದ ಲೋಹ ಅಳೆಯುವ) ಯಂತ್ರದಲ್ಲಿ ನೋಡಿ. ಅಳೆಯಬಲ್ಲ ಕನಿಷ್ಠ ಪ್ರಮಾಣ ಲೀಟರಿಗೆ 0.1 ಮಿ.ಗ್ರಾಂ ಆದರೆ ಗರಿಯಲ್ಲಿ ಅದು ಗ್ರಾಂಗೆ 50 ಮೈಕ್ರೋಗ್ರಾಂ. ಸೀಸಕ್ಕೆ ಇಟ್ಟುಕೊಳ್ಳುವ ಗೆರೆ 4. ಗೆರೆಯ ಹತ್ತು ಪಟ್ಟು ಸೀಸ ಇದ್ದ ಮರಿಗೂ ‘ಬಿಡಿಎಲ್’ ಎಂದೇ ಬರುತ್ತದೆ. ಕಾಲೇಜಿನಲ್ಲೇ ಇರುವ ಎಎಎಸ್ ಪುಕ್ಕಟೆ ಸಿಗುತ್ತದೆ ಎಂದು ಅದಕ್ಕೇ ಜೋತುಬೀಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಲಿ. ಗ್ರ್ಯಾಫೈಟ್ ಕುಲುಮೆ ಇರುವ ಎಎಎಸ್ ಆದರೆ ಬೇರೆ ಮಾತು, ಸೀಸ, ಕ್ಯಾಡ್ಮಿಯಂ ಎರಡಕ್ಕೂ ನಡೆಯುತ್ತದೆ.

ಹಾಗಾಗಿ ದರಪಟ್ಟಿಗೆ ಮೇಲ್ ಹಾಕುವಾಗಲೇ ಕೇಳಬೇಕಾದದ್ದು: ಎಷ್ಟು ಗ್ರಾಂ ಬೇಕು, ಕೊನೆಗೆ ಎಷ್ಟು ಮಿ.ಲೀ. ಮಾಡುತ್ತೀರಿ, ಆ ತೂಕಕ್ಕೆ ಪ್ರತಿ ಲೋಹದ ಕನಿಷ್ಠ ಮಿತಿ ಎಷ್ಟು, ಬಿಡಿಎಲ್ ಬಂದಲ್ಲಿ ಯಂತ್ರ ತೋರಿಸಿದ ಅಂಕಿಯನ್ನೂ ಕೊಡುತ್ತೀರಾ. 50ರ ಬದಲು 25 ಮಿ.ಲೀ.ಗೆ ನಿಲ್ಲಿಸಿದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಆಗ ಆಮ್ಲವನ್ನೂ ಕಡಿಮೆ ಹಾಕಬೇಕು, ಇಲ್ಲದಿದ್ದರೆ ಐಸಿಪಿ-ಎಂಎಸ್‌ಗೆ ಆಮ್ಲ ಗಟ್ಟಿಯಾಗುತ್ತದೆ. ಇದನ್ನು ಒಪ್ಪಿಕೊಂಡು ಮಾಡಿಕೊಡುವ ಲ್ಯಾಬ್‌ಗಳೂ ಇವೆ, ‘ನಮ್ಮ ಎಸ್‌ಒಪಿಯಲ್ಲಿ (ನಿಗದಿತ ಕ್ರಮದಲ್ಲಿ) ಇಲ್ಲ’ ಎಂದು ಕೈಯಾಡಿಸುವವೂ ಇವೆ. ಎರಡನೆಯವು ಅಗ್ಗವಾದರೂ ಬೇಡ.

ಪಾದರಸಕ್ಕೆ 4 ಅಂಕ ಕೊಟ್ಟದ್ದಕ್ಕೆ ಒಂದು ಷರತ್ತಿದೆ. ಗರಿಯನ್ನು ಮುಚ್ಚಿದ ಮೈಕ್ರೋವೇವ್ ಪಾತ್ರೆಯಲ್ಲಿ ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸಬೇಕು. ತೆರೆದ ಹಾಟ್‌ಪ್ಲೇಟ್ ಮೇಲೆ ಕುದಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ, ವರದಿಯಲ್ಲಿ ಹಕ್ಕಿ ಆರೋಗ್ಯವಂತವಾಗಿ ಕಾಣುತ್ತದೆ! ನೇರ ಪಾದರಸ ವಿಶ್ಲೇಷಕ ಇರುವ ಲ್ಯಾಬ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಆಮ್ಲವೇ ಬೇಡ, 10ರಿಂದ 50 ಮಿಲಿಗ್ರಾಂ ಗರಿ ಸುಟ್ಟು ಅಳೆಯುತ್ತದೆ. ಬಕದ ಮರಿಯ ಎದೆಗರಿ ಒಂದೊಂದೂ ಕೆಲವೇ ಮಿಲಿಗ್ರಾಂ ತೂಗುವುದರಿಂದ ಇದು ದೊಡ್ಡ ಅನುಕೂಲ, ಮರಿಗೂ ಕಾಟ ಕಡಿಮೆ.

ಲ್ಯಾಬ್ ಎಷ್ಟೇ ಚೆನ್ನಾಗಿರಲಿ, ನಾವು ಕಳಿಸುವ ಗರಿ ಸರಿಯಿಲ್ಲದಿದ್ದರೆ ದುಡ್ಡು ನೀರುಪಾಲು. ಗರಿ ಬೆಳೆಯುವಾಗ ಮಾತ್ರ ಅದಕ್ಕೆ ರಕ್ತ ಹರಿಯುತ್ತದೆ, ಬೆಳೆದ ಮೇಲೆ ನಿಲ್ಲುತ್ತದೆ. ದೊಡ್ಡ ಹಕ್ಕಿಯ ಗರಿ ಎಲ್ಲಿ ಬೆಳೆದದ್ದೋ ಯಾರಿಗೆ ಗೊತ್ತು? ಮರದಡಿ ಬಿದ್ದ ಗರಿಯನ್ನು ಚೀಲ ತುಂಬಿಸಿಕೊಂಡು ‘ಸೂಳೆಕೆರೆಯ ಮಾಲಿನ್ಯ’ ಎಂದು ಬರೆಯುವುದು ಅದಕ್ಕೇ ತಪ್ಪು. ಬೇಕಾದದ್ದು ಗೂಡಿನಲ್ಲಿರುವ ಮರಿಯ ಎದೆ, ಬೆನ್ನಿನ ಗರಿ. ರೆಕ್ಕೆಯ ದೊಡ್ಡ ಗರಿ ಮುಟ್ಟಬಾರದು. ಒಂದು ಗೂಡಿಗೆ ಒಂದೇ ಮರಿ, ಯಾಕೆಂದರೆ ಒಡಹುಟ್ಟಿದ ಮರಿಗಳು ಉಣ್ಣುವುದು ಒಂದೇ ಊಟ, ಅಂಕಿಅಂಶದಲ್ಲಿ ಅವನ್ನು ಎರಡೆಂದು ಎಣಿಸುವಂತಿಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲು ಹತ್ತಿ ಬೇಗ ಇಳಿಯಬೇಕು. ದೊಡ್ಡವು ಎದ್ದು ಹೋದರೆ ಮರಿ ಬಿಸಿಲಿಗೆ ಬಾಡುತ್ತದೆ, ಕಾಗೆ ಹದ್ದು ಕಾದೇ ಇರುತ್ತವೆ.

ಗರಿಯನ್ನು ಕಾಗದದ ಲಕೋಟೆಯಲ್ಲಿ ಒಣಗಿಸಿಡಿ. ತೊಳೆಯುವುದನ್ನು ಲ್ಯಾಬ್‌ಗೆ ಬಿಡಬೇಡಿ, ಹೆಚ್ಚಿನವರು ತೊಳೆಯುವುದೇ ಇಲ್ಲ. ಡಿಅಯಾನೈಸ್ಡ್ ನೀರು, ಅಸಿಟೋನ್, ಮತ್ತೆ ನೀರು, ಹೀಗೆ ಮೂರು ಸುತ್ತು ತೊಳೆದು 60 ಡಿಗ್ರಿ ಒಲೆಯಲ್ಲಿ ತೂಕ ಬದಲಾಗದವರೆಗೆ ಒಣಗಿಸಬೇಕು. ಇಷ್ಟಾದರೂ ರಸ್ತೆ ಧೂಳಿನ ಸೀಸ ಪೂರ್ತಿ ಹೋಗುವುದಿಲ್ಲ. ಹೆದ್ದಾರಿ ಮಗ್ಗುಲಿನ ಮರದಲ್ಲಿ ಗೂಡಿದ್ದರೆ ಗರಿಯ ಸೀಸ ಹಕ್ಕಿ ತಿಂದದ್ದೋ ಮೈಗೆ ಅಂಟಿದ್ದೋ ಹೇಳಲಾಗದು. ಸೀಸಕ್ಕೆ ಒಂದಂಕ ಕಡಿಮೆಯಾದದ್ದು ಲ್ಯಾಬ್‌ನಿಂದಲ್ಲ, ಗರಿಯಿಂದ.

ಯಾವ ಹಕ್ಕಿ ಎಂಬುದನ್ನೂ ಪ್ರಶ್ನೆ ನೋಡಿ ಆರಿಸಬೇಕು. ಪಾದರಸ ಕೇಳುವುದಾದರೆ ಮೀನು ತಿನ್ನುವ ನೀರುಕಾಗೆ. ಗೋವಕ್ಕಿ ತಿನ್ನುವುದು ಗದ್ದೆಯ ಮಿಡತೆ, ಹುಳ. ಅದರಲ್ಲಿ ಪಾದರಸ ಹುಡುಕಿದರೆ ಕಡಿಮೆಯೇ ಬರುತ್ತದೆ. ಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಹೊಡೆಯುವ ಔಷಧಿಯ ಪ್ರಶ್ನೆಗೆ ಮಾತ್ರ ಗೋವಕ್ಕಿಯೇ ಸರಿ.

ಲ್ಯಾಬ್‌ನವರು ‘ಇಪ್ಪತ್ತು ಲೋಹದ ಪ್ಯಾಕೇಜ್’ ತೋರಿಸಿ ಆಸೆ ಹುಟ್ಟಿಸುತ್ತಾರೆ. ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತಲ್ಲ ಎಂದು ಚಿತ್ರದುರ್ಗದವರಿಗೆ ತಾಮ್ರದ ಮೇಲೆ ಕಣ್ಣು. ತಾಮ್ರ, ಸತು ಎರಡೂ ದೇಹಕ್ಕೆ ಬೇಕಾದವು. ಹೆಚ್ಚು ಬಂದರೆ ಹಕ್ಕಿಯ ದೇಹವೇ ಬಹುಮಟ್ಟಿಗೆ ಹದ್ದುಬಸ್ತಿನಲ್ಲಿಡುತ್ತದೆ, ಗರಿಯಲ್ಲಿ ವ್ಯತ್ಯಾಸ ಕಾಣುವುದು ಅಪರೂಪ. ತಾಮ್ರ ಬೇಕೆಂದರೆ ಕೆರೆಯ ಹೂಳನ್ನು ಪರೀಕ್ಷಿಸಿ. ಗರಿಗೆ ಪಾದರಸ, ಸೀಸ, ಕ್ಯಾಡ್ಮಿಯಂ, ಸೆಲೆನಿಯಂ ಇಷ್ಟು ಸಾಕು. ಸೆಲೆನಿಯಂ ಯಾಕೆಂದರೆ ಅದು ಪಾದರಸದ ಜೊತೆ ಕಟ್ಟಿಕೊಂಡು ಅದರ ವಿಷವನ್ನು ತಗ್ಗಿಸಬಲ್ಲದು, ಒಂದನ್ನೇ ಅಳೆದರೆ ಅರ್ಧ ಕಥೆ.

ಉಳಿಸಿದ ದುಡ್ಡನ್ನು ಎಲ್ಲಿ ಹಾಕಬೇಕು? ಯಾರಿಗೂ ಬೇಡವಾದ ಸ್ಯಾಂಪಲ್‌ಗಳಿಗೆ. 24 ಗೂಡಿನ ಗರಿ ಕಳಿಸುವುದಾದರೆ ಜೊತೆಗೆ 3 ಖಾಲಿ (ಗರಿಯೇ ಇಲ್ಲದ್ದು), 3 ಜೋಡಿ (ಕಳಿಸಿದ ಗರಿಯದೇ ಎರಡನೇ ಪಾಲು), 2 ಪ್ರಮಾಣಿತ ವಸ್ತು, ಒಟ್ಟು 32. ಬಿಲ್ಲು ಮೂರನೇ ಒಂದರಷ್ಟು ಏರುತ್ತದೆ. ಪ್ರಮಾಣಿತ ವಸ್ತು ಎಂದರೆ ಪ್ರಮಾಣ ಮೊದಲೇ ಗೊತ್ತಿರುವ ಪುಡಿ. ಗರಿಗೆ ಮನುಷ್ಯರ ಕೂದಲಿನ ಪುಡಿ ನಡೆಯುತ್ತದೆ, ಎರಡೂ ಕೆರಾಟಿನ್. ಅದರಲ್ಲಿ ಇರಬೇಕಾದದ್ದರ ಶೇ. 80ರಿಂದ 120ರೊಳಗೆ ಲ್ಯಾಬ್ ತೋರಿಸಿದರೆ ಉಳಿದ ಅಂಕಿ ನಂಬಬಹುದು. ಇವನ್ನು ‘ಸ್ಯಾಂಪಲ್ 7’, ‘ಸ್ಯಾಂಪಲ್ 19’ ಎಂದು ನಡುವೆ ಸೇರಿಸಿ ಕಳಿಸಿ, ಯಾವುದು ಏನೆಂದು ಹೇಳಬೇಡಿ.

ಎನ್‌ಎಬಿಎಲ್ ಮುದ್ರೆಯ ಬಗ್ಗೆ ಒಂದು ಮಾತು. ಮಾನ್ಯತೆ ಸಿಗುವುದು ಇಡೀ ಲ್ಯಾಬ್‌ಗಲ್ಲ, ಇಂಥ ವಸ್ತುವಿನಲ್ಲಿ ಇಂಥ ಪರೀಕ್ಷೆ ಎಂಬ ಪಟ್ಟಿಗೆ. ನೀರಿಗೆ ಇದ್ದದ್ದು ಗರಿಗೆ ಇರಬೇಕೆಂದಿಲ್ಲ. ಪಟ್ಟಿಯಲ್ಲಿಲ್ಲದ ಪರೀಕ್ಷೆಗೆ ಮುದ್ರೆ ಹಾಕುವಂತಿಲ್ಲ. ಪ್ರಬಂಧಕ್ಕೆ ಇದು ಅಡ್ಡಿಯಲ್ಲ, ಮೇಲೆ ಹೇಳಿದ ಕೂದಲಿನ ಪುಡಿ ಸಾಕು. ವರದಿ ಹಿಡಿದು ನ್ಯಾಯಾಲಯಕ್ಕೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ಹೋಗುವ ಇರಾದೆ ಇದ್ದರೆ ಮೊದಲೇ ಪಟ್ಟಿ ತರಿಸಿ ನೋಡಿ.

ಕೀಟನಾಶಕಕ್ಕೆ 2 ಅಂಕ ಯಾಕೆ? ಲ್ಯಾಬ್ ಕೊಡುವುದು ತರಕಾರಿಗೆ ಮಾಡಿದ ಉದ್ದ ಪಟ್ಟಿ. ಇಂದು ಗದ್ದೆಗೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥವು ಹಕ್ಕಿಯ ದೇಹದಲ್ಲಿ ಬೇಗ ಒಡೆದುಹೋಗುತ್ತವೆ, ಮೊಟ್ಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವು ಹಕ್ಕಿಯನ್ನು ಕೊಂದವೇ ಎಂದು ತಿಳಿಯಲು ಆಗಷ್ಟೇ ಸತ್ತ ಹಕ್ಕಿಯ ಮಿದುಳಿನಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವದ ಚಟುವಟಿಕೆ ಅಳೆಯಬೇಕು. ಅದೇ ಜಾತಿಯ ಆರೋಗ್ಯವಂತ ಹಕ್ಕಿಗಿಂತ ಅರ್ಧಕ್ಕೂ ಕೆಳಗೆ ಇಳಿದಿದ್ದರೆ ಸಾವಿಗೆ ಅದೇ ಕಾರಣ ಎನ್ನಬಹುದು. ಆ ಪರೀಕ್ಷೆ ಈ ದರಪಟ್ಟಿಗಳಲ್ಲಿ ಇರುವುದಿಲ್ಲ. ಮೊಟ್ಟೆಯಲ್ಲಿ ಉಳಿಯುವುದು ಡಿಡಿಟಿಯಿಂದ ಹುಟ್ಟುವ ಡಿಡಿಇಯಂಥ ಹಳೆಯ ಕ್ಲೋರಿನ್ ಗುಂಪು. ಬೇಸಾಯಕ್ಕೆ ಡಿಡಿಟಿ 1989ರಲ್ಲಿ ನಿಂತರೂ ಸೊಳ್ಳೆ ನಿಯಂತ್ರಣಕ್ಕೆ ಮುಂದುವರಿಯಿತು, ಹಾಗಾಗಿ ಕೇಳುವುದರಲ್ಲಿ ಅರ್ಥವಿದೆ. ಡಿಡಿಇಯನ್ನು ಬೇರೆಯಾಗಿ, ಕೊಬ್ಬಿನ ಪ್ರಮಾಣದೊಂದಿಗೆ ಕೊಡಿ ಎಂದು ಬರೆದು ತಿಳಿಸಿ. ‘ಒಟ್ಟು ಡಿಡಿಟಿ’ ಎಂಬ ಒಂದೇ ಸಾಲು ಬಂದರೆ ಹೋಲಿಸಲು ಬರುವುದಿಲ್ಲ. ಮೊಟ್ಟೆಯ ಒಳಭಾಗವನ್ನು ಅಸಿಟೋನ್‌ನಿಂದ ತೊಳೆದ ಗಾಜಿನ ಸೀಸೆಯಲ್ಲಿ ಹಾಕಿ ಮೈನಸ್ 20 ಡಿಗ್ರಿಯಲ್ಲಿಡಿ, ಪ್ಲಾಸ್ಟಿಕ್ ಡಬ್ಬಿ ಬೇಡ. ಮರಿಯಾಗದೆ ಉಳಿದ ಮೊಟ್ಟೆ ಬಿಸಿಲಿಗೆ ನೀರು ಕಳೆದುಕೊಂಡಿರುತ್ತದೆ. ಉದ್ದ, ಅಗಲ ಅಳೆದು 0.51 × ಉದ್ದ × ಅಗಲದ ವರ್ಗ ಮಾಡಿದರೆ ಮೂಲ ಗಾತ್ರ ಬರುತ್ತದೆ, ಅದಕ್ಕೆ ಸರಿಹೊಂದಿಸದೆ ಲ್ಯಾಬ್ ಕೊಟ್ಟ ಅಂಕಿಯನ್ನೇ ಬರೆದರೆ ವಿಷ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ಇಲ್ಲಿ ಲ್ಯಾಬ್‌ಗೆ ಕೊಡದೆ ಕೈಯಾರೆ ಮಾಡಬಹುದಾದ ಒಂದು ಕೆಲಸ ಇದೆ, ನಮ್ಮ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಲಾಭದ್ದು: ಚಿಪ್ಪಿನ ದಪ್ಪ. ಡಿಡಿಇ ಚಿಪ್ಪಿಗೆ ಸುಣ್ಣ ಹೋಗುವುದನ್ನು ತಡೆಯುತ್ತದೆ, ಚಿಪ್ಪು ತೆಳುವಾಗಿ ಕಾವು ಕೂತ ಹಕ್ಕಿಯ ಭಾರಕ್ಕೇ ಒಡೆಯುತ್ತದೆ. 0.01 ಮಿ.ಮೀ. ಓದುವ, ಗುಂಡು ತುದಿಯ ಮೈಕ್ರೋಮೀಟರ್ ಒಂದು ಸಾಕು. ಒಣಗಿದ ಚಿಪ್ಪಿನ ನಡುಸುತ್ತಿನಲ್ಲಿ ಮೂರು ಕಡೆ ಅಳೆಯಿರಿ, ಒಳಪೊರೆ ಸೇರಿಸಿದ್ದೋ ಬಿಟ್ಟದ್ದೋ ಬರೆದಿಡಿ. ಇಡೀ ಚಿಪ್ಪು ಇದ್ದರೆ ಮಿಲಿಗ್ರಾಂ ತೂಕವನ್ನು ಉದ್ದ × ಅಗಲದಿಂದ ಭಾಗಿಸಿ. ರ‍್ಯಾಟ್‌ಕ್ಲಿಫ್ ಎಂಬ ಹಕ್ಕಿತಜ್ಞ 1967ರಲ್ಲಿ ಬ್ರಿಟನ್‌ನ ಹಕ್ಕಿಗಳ ಚಿಪ್ಪು ತೆಳುವಾದದ್ದನ್ನು ತೋರಿಸಿದ್ದು ಇದೇ ಲೆಕ್ಕದಿಂದ. ಹೋಲಿಕೆಗೆ ಡಿಡಿಟಿ ಬರುವ ಮೊದಲಿನ, ಅಂದರೆ 1940ರ ದಶಕಕ್ಕಿಂತ ಹಿಂದಿನ ಸಂಗ್ರಹಾಲಯದ ಮೊಟ್ಟೆ ಬೇಕು. ಮರಿ ಹೊರಬಂದ ಚಿಪ್ಪನ್ನು ಇದರಲ್ಲಿ ಸೇರಿಸಬಾರದು, ಅದರ ಸುಣ್ಣವನ್ನು ಮರಿ ಎಳೆದುಕೊಂಡಿರುತ್ತದೆ.

ಕೆರೆ ನೀರಿನ ಪ್ಯಾಕೇಜ್‌ಗೆ ಒಂದಂಕವೂ ಹೆಚ್ಚೇ. ಐಎಸ್ 10500 ಎಂಬ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿ.ಗ್ರಾಂ. ಲ್ಯಾಬ್ ಅಲ್ಲಿಗೆ ನಿಲ್ಲುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಮೀನಿನಲ್ಲಿ ಕೂಡಿ ಹಕ್ಕಿಗೆ ತಾಗುತ್ತದೆ. ‘ಮಿತಿಯೊಳಗಿದೆ’ ಎಂಬ ಆ ಕಾಗದ ಹಕ್ಕಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ, ಪತ್ರಿಕಾ ಹೇಳಿಕೆಗೆ ಮಾತ್ರ ಒದಗುತ್ತದೆ.

ಸತ್ತ ಹಕ್ಕಿ ಸಿಕ್ಕಾಗ ಮಾತ್ರ ಖಾಸಗಿ ಲ್ಯಾಬ್ ಕಡೆ ಓಡಬೇಡಿ. ಮೊದಲು ಅರಣ್ಯ ಇಲಾಖೆ, ಪಶುವೈದ್ಯರು. ಹಕ್ಕಿಜ್ವರದ ಶಂಕೆ ತೀರಬೇಕು, ಬರಿಗೈಯಲ್ಲಿ ಮುಟ್ಟಬಾರದು. ‘ಕೆರೆಗೆ ವಿಷ ಬಿಟ್ಟಿದ್ದಾರೆ’ ಎಂಬ ಮಾತು ಎಲ್ಲಕ್ಕಿಂತ ಮೊದಲು ಹುಟ್ಟುತ್ತದೆ. 2019ರಲ್ಲಿ ರಾಜಸ್ಥಾನದ ಸಾಂಬಾರ್ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತದ್ದು ಬಾಟ್ಯುಲಿಸಂನಿಂದ, ಅಂದರೆ ಬ್ಯಾಕ್ಟೀರಿಯಾ ಹುಟ್ಟಿಸುವ ವಿಷದಿಂದ. ಕೊಕ್ಕರೆ ಬೆಳ್ಳೂರಿನಲ್ಲಿ 2017-18ರಲ್ಲಿ ಹೆಜ್ಜಾರ್ಲೆಗಳು ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಜಂತುಹುಳು.

ಇನ್ನು ದುಡ್ಡಿನ ದಾರಿ. ಅರ್ಜಿಯಲ್ಲಿ ಲ್ಯಾಬ್ ಶುಲ್ಕವನ್ನು ‘ಕನ್ಸ್ಯೂಮಬಲ್ಸ್’ ಕೆಳಗೆ ಬರೆದರೆ ಲೆಕ್ಕಪತ್ರ ವಿಭಾಗ ಬಿಲ್ಲು ತಡೆಯುತ್ತದೆ, ‘ವಿಶ್ಲೇಷಣಾ ಸೇವೆ’ ಎಂದು ಬೇರೆ ಸಾಲು ಕೇಳಿ. ದರಪಟ್ಟಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅರ್ಜಿ ಬರೆಯುವಾಗ ಇದನ್ನು ಮರೆಯುವವರೇ ಜಾಸ್ತಿ. ಲ್ಯಾಬ್‌ನವರು ಮುಂಗಡ ಕೇಳುತ್ತಾರೆ, ವಿಶ್ವವಿದ್ಯಾಲಯ ವರದಿ ಬಂದ ಮೇಲೆ ಕೊಡುತ್ತೇನೆ ಎನ್ನುತ್ತದೆ. ಪರ್ಚೇಸ್ ಆರ್ಡರ್‌ನಲ್ಲೇ ಅರ್ಧ ಮೊದಲು, ಅರ್ಧ ಆಮೇಲೆ ಎಂದು ಬರೆಸಿಕೊಳ್ಳುವುದು ಲೇಸು. ಬೆಳ್ಳಕ್ಕಿ, ಗೋವಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ, ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕಂತು ದೀಪಾವಳಿ ಕಳೆದು ಬಂದರೆ ಆ ಸಾಲಿನ ಮರಿಗಳು ಹಾರಿಹೋಗಿರುತ್ತವೆ, ಆದರೂ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಕೊಡಲೇಬೇಕು. ವನ್ಯಜೀವಿ ಕಾಯ್ದೆಯ 12ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಗೂಡು, ಮೊಟ್ಟೆ ಮುಟ್ಟುವಂತಿಲ್ಲ. ಕಾಯ್ದೆಯ ಮೊದಲ ಅನುಸೂಚಿಯ (ಶೆಡ್ಯೂಲ್ 1) ಜಾತಿಯಾದರೆ ಕೇಂದ್ರದ ಒಪ್ಪಿಗೆಯೂ ಬೇಕು. ಅನುದಾನ ಮಂಜೂರಾಗಲಿ ಎಂದು ಕಾಯದೆ ಆ ಅರ್ಜಿ ಮೊದಲೇ ಹಾಕಿ.

ಪಾರ್ಸೆಲ್ ಜೊತೆ ಅನುಮತಿ ಪತ್ರದ ನಕಲು ಇಡಿ. ಒಣ ಗರಿ ಮಾಮೂಲಿ ಕೊರಿಯರ್‌ನಲ್ಲಿ ಹೋಗುತ್ತದೆ. ಹೆಪ್ಪುಗಟ್ಟಿಸಿದ ಮೊಟ್ಟೆಯನ್ನು ರಾತ್ರಿ ಬಸ್ಸಿನಲ್ಲಿ ಒಬ್ಬರು ಕೂತು ಒಯ್ಯುವುದೇ ಸರಿ, ಶನಿವಾರ ತಲುಪುವ ಹಾಗೆ ಮಾತ್ರ ಹೊರಡಬೇಡಿ. ಉಳಿದ ಗರಿ, ದ್ರಾವಣವನ್ನು ಲ್ಯಾಬ್‌ನವರು ವರದಿ ಕೊಟ್ಟ ಸ್ವಲ್ಪ ದಿನಕ್ಕೆ ಎಸೆಯುತ್ತಾರೆ. ‘ವಾಪಸ್ ಬೇಕು’ ಎಂದು ಸ್ಯಾಂಪಲ್ ಫಾರಂನಲ್ಲೇ ಗುರುತು ಹಾಕಿ.