ಮಳೆಗಾಲದ ಮುಖಚಿತ್ರ: ಇದ್ದಿಲೋ, ಗ್ರಾಫೈಟೋ?

ಕಳೆದ ಜುಲೈ ತಿಂಗಳಲ್ಲಿ ನಾನು ಇದ್ದಿಲು ಪೆನ್ಸಿಲುಗಳ ಒಂದು ಸೆಟ್ಟನ್ನೂ, ಅದಕ್ಕೆ ಒಪ್ಪುವ ಒರಟು ಕಾಗದವನ್ನೂ, ಬರೆದದ್ದು ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇಯನ್ನೂ ತರಿಸಿಕೊಂಡೆ. ಹಣವೆಲ್ಲ ದಂಡವಾಯಿತೆಂದು ಹೇಳಲಾರೆ. ಆದರೆ ಮಡಿಕೇರಿಯಂತಹ ಊರಿನಲ್ಲಿದ್ದುಕೊಂಡು ಮುಖಚಿತ್ರ ಬರೆಯಲು ಕಲಿಯುವವರು ಪುಸ್ತಕದಂಗಡಿಯಲ್ಲಿ ಸಿಗುವ ಮಾಮೂಲಿ ಗ್ರಾಫೈಟ್ ಪೆನ್ಸಿಲುಗಳಿಂದಲೇ ಆರಂಭಿಸುವುದು ಲೇಸು ಎಂಬುದು, ಒಂದೇ ಮುಖವನ್ನು ಎರಡರಲ್ಲೂ ಬರೆದು ನೋಡಿದ ಮೇಲೆ ನನಗೆ ಖಚಿತವಾಗಿದೆ.

ಆ ಮುಖ ನೆರೆಯ ತೋಟದ ಹಿರಿಯರೊಬ್ಬರ ತಂದೆಯವರದು. ಸುಗ್ಗಿಹಬ್ಬವಾದ ಪುತ್ತರಿಯ ಹೊತ್ತಿಗೆ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಗೋಡೆಗೆ ಹಾಕಬೇಕೆಂದು ಅವರು ಒಂದು ಹಳೆಯ ಫೋಟೊ ಕೊಟ್ಟಿದ್ದರು. ಕೊಡವರ ಕಪ್ಪು ನಿಲುವಂಗಿಯಾದ ಕುಪ್ಯ, ಸೊಂಟಕ್ಕೆ ಬಿಗಿದ ಚೇಲೆ, ತಲೆಯ ಮೇಲೆ ಬಿಳಿಯ ಮಂಡೆತುಣಿ, ಅದರ ಕೆಳಗೆ ಅಷ್ಟೇ ಬಿಳಿಯ ಗಿರಿಜಾ ಮೀಸೆ. ಹೊಸಬನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಡ. ಅತಿ ಕಪ್ಪು ಮತ್ತು ಅತಿ ಬಿಳುಪು ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರಬೇಕಿತ್ತು.

ಇದ್ದಿಲಿನ ಮೊದಲ ದಿನ ಬಹಳ ಹಿತವಾಗಿತ್ತು. ಗ್ರಾಫೈಟಿನಲ್ಲಿ ಒಂದು ಸಂಜೆಯಿಡೀ ತಿನ್ನುವ ಕುಪ್ಯ ಇದರಲ್ಲಿ ಹತ್ತೇ ನಿಮಿಷದಲ್ಲಿ ಮುಗಿಯಿತು, ಅದೂ ಬಟ್ಟೆಯಂತೆಯೇ ಹೊಳಪಿಲ್ಲದ ಕಪ್ಪಾಗಿ. ಆದರೆ ಮುಖಕ್ಕೆ ಬಂದಾಗ ಕೈ ತಡವರಿಸಿತು. ಪೆನ್ಸಿಲಿನೊಳಗಿರುವುದು ಅಂಟು ಸೇರಿಸಿ ಒತ್ತಿದ ಇದ್ದಿಲು. ಕಡ್ಡಿ ಇದ್ದಿಲಿನಂತೆ ಬಟ್ಟೆಯಿಂದ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಕೆನ್ನೆಯಲ್ಲಿ ಒಮ್ಮೆ ಗಾಢವಾದದ್ದು ಎಷ್ಟು ಉಜ್ಜಿದರೂ ಬೂದಿ ಬಣ್ಣದ ಕಲೆಯಾಗಿ ಉಳಿಯಿತು.

ಇವನ್ನೆಲ್ಲ ಅಭ್ಯಾಸದಿಂದ ತಿದ್ದಿಕೊಳ್ಳಬಹುದಿತ್ತು. ನನ್ನನ್ನು ಸೋಲಿಸಿದ್ದು ಆ ಸ್ಪ್ರೇ ಡಬ್ಬಿ. ಇದ್ದಿಲಿನ ಪುಡಿ ಕಾಗದದ ಒರಟಿನಲ್ಲಿ ಸುಮ್ಮನೆ ಕುಳಿತಿರುತ್ತದೆಯಾದ್ದರಿಂದ ಸ್ಪ್ರೇ ಹೊಡೆಯದೆ ಚಿತ್ರವನ್ನು ಮುಟ್ಟುವ ಹಾಗಿಲ್ಲ. ಸ್ಪ್ರೇಯನ್ನು ಗಾಳಿಯಾಡುವ, ತೇವವಿಲ್ಲದ ಜಾಗದಲ್ಲಿ ಹೊಡೆಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಳಿಯಾಡುವ ಜಾಗವೆಂದರೆ ಮಂಜು ನುಗ್ಗುವ ಜಗಲಿ. ತೇವವಿಲ್ಲದ ಜಾಗವೆಂದರೆ ಒಲೆಯ ಪಕ್ಕ ಮಾತ್ರ. ಬೆಂಕಿ ಹಿಡಿಯುವ ದ್ರವವನ್ನು ಒಲೆಯ ಬಳಿ ಸಿಂಪಡಿಸುವುದು ಮೂರ್ಖತನ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಡೆದರೆ ಆ ವಾಸನೆ ರಾತ್ರಿಯ ಊಟದವರೆಗೂ ಹೋಗುವುದಿಲ್ಲ.

ಒಂಬತ್ತು ದಿನ ಕಾದೆ. ಹತ್ತನೆಯ ದಿನ ಮಳೆ ಅರ್ಧ ಗಂಟೆ ಬಿಟ್ಟಾಗ ಜಗಲಿಯಲ್ಲಿ ಹಾಳೆಯನ್ನು ನಿಲ್ಲಿಸಿ ಹೊಡೆದೆ. ಸ್ವಲ್ಪ ಹೊತ್ತಿನಲ್ಲೇ ಕುಪ್ಯದ ಮೇಲೆ ಬೂಷ್ಟು ಹಿಡಿದಂತೆ ಬಿಳಿಯ ಪೊರೆ ಕಾಣಿಸಿತು. ಸ್ಪ್ರೇಯಲ್ಲಿರುವ ದ್ರಾವಕ ಬೇಗನೆ ಆವಿಯಾಗುವಾಗ ಆ ಜಾಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ವಿಪರೀತವಾಗಿದ್ದರೆ ಅದು ಅಲ್ಲಿಯೇ ನೀರಾಗಿ ಕೂತು ಪದರವನ್ನು ಮಂಕಾಗಿಸುತ್ತದೆ. ಈ ಕಾರಣ ನನಗೆ ಆಮೇಲೆ ತಿಳಿಯಿತು. ಹತ್ತೇ ನಿಮಿಷದಲ್ಲಿ ದೊರೆತಿದ್ದ ಆ ಅಪೂರ್ವ ಕಪ್ಪು ಹೀಗೆ ಬೂದಿಯಾಯಿತು. ಚಿತ್ರವನ್ನು ನೋಡಿದ ಹಿರಿಯರು, "ಅಪ್ಪ ಮಂಜಿನಲ್ಲಿ ನಿಂತ ಹಾಗಿದೆ, ಚೆನ್ನಾಗಿದೆ" ಎಂದರು. ಅದು ಹೊಗಳಿಕೆಯೋ ಸಮಾಧಾನವೋ ನಾನು ಕೇಳಲಿಲ್ಲ.

ಗ್ರಾಫೈಟಿಗೂ ಮಳೆಗಾಲ ತೊಂದರೆ ಕೊಡದೆ ಬಿಡುವುದಿಲ್ಲ. ತೇವ ಹೀರಿದ ಕಾಗದ ಮೆತ್ತಗಾಗುವುದರಿಂದ, ಜೇಡಿಯ ಅಂಶ ಹೆಚ್ಚಿದ್ದು ಗಟ್ಟಿಯಾಗಿರುವ ಎಚ್ ಪೆನ್ಸಿಲಿನಲ್ಲಿ ಮೊದಲ ಗೆರೆ ಹಾಕಿದರೆ ಅದು ಕಾಗದದಲ್ಲಿ ಸಣ್ಣ ಕಾಲುವೆಯನ್ನೇ ತೋಡುತ್ತದೆ; ಆಮೇಲೆ ಅದರ ಮೇಲೆ ಛಾಯೆ ತುಂಬಿದಾಗ ಪುಡಿ ಆ ಕಾಲುವೆಗೆ ಇಳಿಯದೆ, ಅಳಿಸಿದ್ದೆವೆಂದುಕೊಂಡ ಗೆರೆ ಬಿಳಿಯದಾಗಿ ಎದ್ದು ಕಾಣುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಎಚ್ ಪೆನ್ಸಿಲುಗಳನ್ನು ಮುಟ್ಟುವುದಿಲ್ಲ. ಎಚ್‌ಬಿಯಿಂದ ಹಗುರವಾಗಿ ಆರಂಭಿಸಿ ಮೆದುವಾಗುತ್ತ ಹೋಗುವ 2ಬಿ, 4ಬಿ, 6ಬಿಗಳಲ್ಲಿ ಮುಗಿಸುತ್ತೇನೆ. ಆದರೆ ಇದೇ ದೋಷ ಮೀಸೆಗೆ ವರವಾಯಿತು. ಮಸಿ ಮುಗಿದ ಬಾಲ್‌ಪೆನ್ನಿನಿಂದ ಮೀಸೆಯ ಕೂದಲುಗಳನ್ನು ಮೊದಲೇ ಒತ್ತಿ ಎಳೆದು, ಆಮೇಲೆ 4ಬಿಯನ್ನು ಅಡ್ಡವಾಗಿ ಹಿಡಿದು ಮೇಲೆ ಸವರಿದಾಗ, ಬಿಳಿಯ ಕೂದಲು ಒಂದೊಂದಾಗಿ ಮೂಡಿಬಂದವು. ಇದ್ದಿಲಿನಲ್ಲಿ ನನಗೆ ಬಂದದ್ದು ಬರೀ ಹತ್ತಿಯ ಉಂಡೆ.

ಕುಪ್ಯದಲ್ಲಿ ಮಾತ್ರ ಗ್ರಾಫೈಟ್ ತನ್ನ ಹೊಳಪನ್ನು ಮರೆಮಾಚಲಾರದು. ಅದರ ಕಣಗಳು ಚಪ್ಪಟೆಯಾಗಿರುವುದರಿಂದ, ಒತ್ತಿ ಉಜ್ಜಿದಷ್ಟೂ ಅವು ಒಂದೇ ಮಟ್ಟಕ್ಕೆ ಮಲಗಿ ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತವೆ. ಬೆರಳಿನಿಂದ ಉಜ್ಜದೆ, ಒತ್ತದೆ, ಪದರದ ಮೇಲೆ ಪದರ ಹಾಕಿದರೆ ಹೊಳಪು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಕೊನೆಗೆ ಇಂಗಾಲದ ಪುಡಿ ಹೆಚ್ಚಾಗಿರುವ ಲ್ಯೂಮೊಗ್ರಾಫ್ ಬ್ಲ್ಯಾಕ್ ಪೆನ್ಸಿಲನ್ನು ಒಂದೇ ಒಂದು ಕೊಂಡು ಕುಪ್ಯಕ್ಕೆ ಮಾತ್ರ ಬಳಸಿದೆ. ಅದನ್ನು ಗ್ರಾಫೈಟಿಗಿಂತ ಮೊದಲೇ ಹಾಕಬೇಕು. ನುಣುಪಾದ ಗ್ರಾಫೈಟಿನ ಮೇಲೆ ಅದು ಸರಿಯಾಗಿ ಹತ್ತುವುದಿಲ್ಲ.

ಇದ್ದಿಲು ಪೆನ್ಸಿಲನ್ನು ಮೆಂಡರಿಗೆ ಹಾಕಿದರೆ ಮೊನೆ ಮುರಿಯುತ್ತದೆ, ಬ್ಲೇಡಿನಿಂದಲೇ ಕೆತ್ತಬೇಕು. ಕಡ್ಡಿ ಬದಲಿಸುವ 0.5 ಮಿ.ಮೀ. ಗ್ರಾಫೈಟ್ ಪೆನ್ಸಿಲನ್ನೂ ಪ್ರಯತ್ನಿಸಿದೆ: ರೆಪ್ಪೆಗೂದಲಿಗೆ ಸರಿ, ಕೆನ್ನೆಗೆ ಬೇಡ.

ಖರ್ಚಿನ ಲೆಕ್ಕವೂ ಗ್ರಾಫೈಟಿನ ಕಡೆಗೇ ಇದೆ. ನಾಲ್ಕು ಅಪ್ಸರಾ ಪೆನ್ಸಿಲು ಮತ್ತು ಒಂದು ರಬ್ಬರಿಗೆ ನಾನು ಕೊಟ್ಟದ್ದು ನೂರು ರೂಪಾಯಿಯ ಒಳಗೆ. ಇದ್ದಿಲು ಪೆನ್ಸಿಲು ಕೂಡ ದುಬಾರಿಯಲ್ಲ. ಅದರ ಬೆನ್ನಿಗೆ ಬರುವ ಒರಟು ಕಾಗದ, ಹಿಟ್ಟಿನಂತೆ ನಾದುವ ರಬ್ಬರು ಮತ್ತು ಸ್ಪ್ರೇಗಳೇ ಜೇಬು ಖಾಲಿ ಮಾಡುತ್ತವೆ.

ನಾನು ಚಿತ್ರ ಬರೆಯುವುದು ಕಚೇರಿಯಿಂದ ಬಂದ ಮೇಲೆ, ಮಗಳು ಹೋಮ್‌ವರ್ಕ್ ಮಾಡುವ ಮೇಜಿನ ಇನ್ನೊಂದು ತುದಿಯಲ್ಲಿ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಅರ್ಧಕ್ಕೆ ನಿಲ್ಲಿಸಿದ ಗ್ರಾಫೈಟ್ ಚಿತ್ರದ ಮೇಲೆ ಬೆಣ್ಣೆಕಾಗದ ಮುಚ್ಚಿ ಎತ್ತಿಟ್ಟರೆ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಇದ್ದಿಲಿನ ಚಿತ್ರವನ್ನು ಹಾಗೆ ಎತ್ತಿಟ್ಟಾಗ ಅಜ್ಜನ ಅರ್ಧ ಗದ್ದದ ನೆರಳು ಮುಚ್ಚಿದ ಕಾಗದಕ್ಕೆ ಅಂಟಿಕೊಂಡು, ಇನ್ನರ್ಧ ಮಗಳ ಗಣಿತದ ಪುಸ್ತಕದ ಮೇಲೆ ಕಾಣಿಸಿತ್ತು. ದೊಡ್ಡ ಹಾಳೆ, ಪ್ರತ್ಯೇಕ ಕೋಣೆ, ಒಣಹವೆ ಇರುವವರು ಇದ್ದಿಲನ್ನು ಧಾರಾಳವಾಗಿ ಆರಿಸಿಕೊಳ್ಳಲಿ. ನನ್ನ ಸೆಟ್ಟು ಅಕ್ಕಿಯ ಡಬ್ಬದ ಪಕ್ಕದಲ್ಲಿ ಬೆಚ್ಚಗಿದೆ; ಜನವರಿಯಲ್ಲಿ, ಕಾಫಿ ಒಣಗಿಸಲು ಕಣ ಸಿದ್ಧವಾದಾಗ, ಅದೇ ಕಣದ ಬದಿಯಲ್ಲಿ ಸ್ಪ್ರೇಯನ್ನು ಇನ್ನೊಮ್ಮೆ ಹೊಡೆದು ನೋಡುವವನಿದ್ದೇನೆ.