ಕಾಡಿನ ಮರಿಗಳ ಫೋಟೋಗೆ ನಿಕಾನ್ 200-500 ಹೇಗಿದೆ?

ಬೆಂಗಳೂರಿನಲ್ಲಿ ಕಾಡಿನ ಫೋಟೋ ಹುಚ್ಚು ಹಿಡಿದ ತುಂಬಾ ಜನರ ಹತ್ತಿರ ಈ ಲೆನ್ಸ್ ಇದೆ, ಇಲ್ಲವೇ ಒಂದು ಕಾಲದಲ್ಲಿ ಇತ್ತು. 2015ರಲ್ಲಿ ಬಂದ ನಿಕಾನ್ 200-500 ಎಂ.ಎಂ., ಎಫ್ 5.6 (ಬೆಳಕು ಒಳಗೆ ಬಿಡುವ ಕಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಹುಲಿ ಹಿಂದೆ ಹೋಗುವವರು, ಹಕ್ಕಿ ಹಿಂದೆ ಹೋಗುವವರು ಇದರ ಬಗ್ಗೆ ಬೇಕಾದಷ್ಟು ಹೇಳಿದ್ದಾರೆ. ನನಗೆ ಇಷ್ಟ ಮರಿಗಳು. ಆನೆಮರಿ, ಕಾಟಿಯ (ಕಾಡುಕೋಣದ) ಕರು, ಜಿಂಕೆಮರಿ, ಮುಸುವದ ಮರಿ. ಹಾಗಾಗಿ ಮರಿಗಳ ಫೋಟೋಗೆ ಇದು ಹೇಗೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೇಸಿಗೆ ರಜೆ ಬಂದರೆ ಕಬಿನಿ, ಉಳಿದ ಭಾನುವಾರಗಳಲ್ಲಿ ಊರಿನ ಕೆರೆಗಳು. ಕ್ಯಾಮೆರಾ ಬಾಡಿ ನಿಕಾನ್ ಡಿ500. ಅದರ ಸೆನ್ಸರ್ ಚಿಕ್ಕದು. ಅದಕ್ಕೇ 500 ಎಂ.ಎಂ. ಹಾಕಿದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 750 ಹಾಕಿದಷ್ಟು ಹತ್ತಿರ ಕಾಣುತ್ತದೆ.

ಮರಿಗಳಿಗೆ ಈ ಲೆನ್ಸ್ ಯಾಕೆ ಸರಿ ಅಂದರೆ, ಮೊದಲನೆಯ ಕಾರಣ ದೂರ. ಮರಿ ಇದ್ದ ಕಡೆ ತಾಯಿಗೆ ಸಿಟ್ಟು ಬೇಗ ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ಕಬಿನಿ ಹಿನ್ನೀರು ಇಳಿದು ಹಸಿರು ಹುಲ್ಲು ಬಂದಾಗ ಆನೆ ಹಿಂಡುಗಳು ಅಲ್ಲಿ ಸೇರುತ್ತವೆ. ಒಂದು ಸಂಜೆ ನಮ್ಮ ಜೀಪಿನ ನ್ಯಾಚುರಲಿಸ್ಟ್ ಮೆಲ್ಲಗೆ ಹೇಳಿದರು: "ಮೇಡಂ, ತಾಯಿ ಕಿವಿ ಅಗಲ ಮಾಡಿದ್ಲು. ಸ್ವಲ್ಪ ಹಿಂದೆ ಹೋಗೋಣ." ಜೀಪು ಹಿಂದೆ ಹೋಯಿತು. ತಾಯಿ ಮತ್ತೆ ಹುಲ್ಲು ಕೀಳೋಕೆ ಶುರು ಮಾಡಿದಳು, ಮರಿ ಅವಳ ಹೊಟ್ಟೆ ಕೆಳಗೆ ನುಗ್ಗಿತು. ಅಷ್ಟು ದೂರದಿಂದಲೂ ಮರಿಯ ರೆಪ್ಪೆಕೂದಲು ಸ್ಪಷ್ಟವಾಗಿ ಬಂತು. 300 ಎಂ.ಎಂ. ಲೆನ್ಸ್ ಇದ್ದಿದ್ದರೆ "ಇನ್ನೂ ಸ್ವಲ್ಪ ಮುಂದೆ ಹೋಗಿ" ಅಂತ ಡ್ರೈವರ್‌ಗೆ ಹೇಳುವ ಆಸೆ ಬರುತ್ತದೆ. ಈ ಲೆನ್ಸ್ ಆ ಆಸೆಯನ್ನೇ ಕಡಿಮೆ ಮಾಡುತ್ತದೆ. ನನಗೆ ಇದೇ ದೊಡ್ಡ ವಿಷಯ.

ಎರಡನೆಯದು, 200ರಿಂದ 500ರವರೆಗೂ ಎಫ್ 5.6 ಬದಲಾಗುವುದಿಲ್ಲ. ಇದರ ಲಾಭ ಬಳಸುವಾಗಲೇ ಗೊತ್ತಾಗುವುದು. ಲೆಕ್ಕ ಹಾಕಿ ನೋಡಿ. ಡಿ500ರಲ್ಲಿ 500 ಎಂ.ಎಂ. ಹಾಕಿ 30 ಮೀಟರ್ ದೂರ ನೋಡಿದರೆ ಫ್ರೇಮಿನ ಅಗಲ ಸುಮಾರು 1.4 ಮೀಟರ್ ಮಾತ್ರ. ಪುಟ್ಟ ಆನೆಮರಿ ಒಂದೇ ಅದರಲ್ಲಿ ತುಂಬಿಹೋಗುತ್ತದೆ. ಫೋಕಸ್ ಸಿಗುವ ಆಳ ಸುಮಾರು 80 ಸೆಂಟಿಮೀಟರ್. ತಾಯಿ ಒಂದು ಹೆಜ್ಜೆ ಹಿಂದೆ ಇದ್ದರೂ ಅವಳ ಕಣ್ಣು ಮಂಜಾಗುತ್ತದೆ. ಎಫ್ 8ಕ್ಕೆ ಇಳಿಸಿದರೆ ಆ ಆಳ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಅರ್ಧ ಬೆಳಕು ಹೋಗುತ್ತದೆ. ಬದಲಿಗೆ 300ಕ್ಕೆ ಝೂಮ್ ಇಳಿಸಿ, ಎಫ್ 5.6 ಹಾಗೇ ಬಿಡಿ. ಆಳ ಎರಡು ಮೀಟರ್ ದಾಟುತ್ತದೆ. ತಾಯಿಯ ಕಾಲು, ಸೊಂಡಿಲು, ಮರಿ ಎಲ್ಲವೂ ಫ್ರೇಮಿಗೆ ಬರುತ್ತವೆ. ಷಟರ್ ಸ್ಪೀಡ್ ಮುಟ್ಟುವ ಅಗತ್ಯವಿಲ್ಲ, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ; ಏರಿದಷ್ಟೂ ಫೋಟೋ ತರಿತರಿ) ಏರುವುದಿಲ್ಲ. ತಾಯಿ-ಮರಿ ಜೋಡಿಗೆ ನಾನು ಎಫ್ 8ಕ್ಕಿಂತ ಝೂಮ್ ರಿಂಗನ್ನೇ ಜಾಸ್ತಿ ನಂಬುತ್ತೇನೆ.

ಆ ರಿಂಗೇ ಇದರ ದೊಡ್ಡ ಕೊರತೆ ಕೂಡ. 200ರಿಂದ 500ಕ್ಕೆ ಹೋಗಲು ತುಂಬಾ ತಿರುಗಿಸಬೇಕು, ಒಂದೇ ಸಲಕ್ಕೆ ಕೈ ತಿರುಗುವುದಿಲ್ಲ. ಮರಿಗಳು ಕಾಯುವುದಿಲ್ಲ ಅಲ್ವಾ? ದೂರದಲ್ಲಿ ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಜೀಪಿನ ಕಡೆಗೇ ಓಡಿ ಬಂದರೆ, ರಿಂಗ್ ತಿರುಗುವಷ್ಟರಲ್ಲಿ ಫ್ರೇಮಿನಲ್ಲಿ ಬರೀ ಕಿವಿ ಉಳಿದಿರುತ್ತದೆ. ಅದಕ್ಕೇ ನಾನು 350ರ ಆಸುಪಾಸಿನಲ್ಲಿ ಇಟ್ಟುಕೊಂಡು ಕಾಯುತ್ತೇನೆ.

ಇನ್ನು ಸೆಟ್ಟಿಂಗ್. ಮ್ಯಾನುಯಲ್ ಮೋಡ್, ಆಟೋ ಐಎಸ್‌ಒ, ಮಿತಿ 6400. ಬೆರಳು ಆಡುವುದು ಷಟರ್ ಸ್ಪೀಡ್ ಮೇಲೆ ಮಾತ್ರ. ಹಾಲು ಕುಡಿಯುವ ಮರಿಗೆ 1/500 ಸೆಕೆಂಡ್ ಸಾಕು. ಮಣ್ಣು ಎರಚಿಕೊಳ್ಳುವ ಆನೆಮರಿಗೆ 1/1250. ಕೊಂಬೆಯಿಂದ ಕೊಂಬೆಗೆ ಹಾರುವ ಮುಸುವದ ಮರಿಗೆ, ಒಂದರ ಮೇಲೊಂದು ಬಿದ್ದು ಆಡುವ ಸೀಳುನಾಯಿ ಮರಿಗಳಿಗೆ 1/2000. ಬೆಳಗಿನ ಸಫಾರಿಯಲ್ಲಿ ಮರದ ನೆರಳಿದ್ದರೆ 1/2000 ಕೇಳಿದ ತಕ್ಷಣ ಐಎಸ್‌ಒ ಮಿತಿಗೆ ಹೋಗಿ ನಿಲ್ಲುತ್ತದೆ. ಆಗ ಆಟ ಬಿಟ್ಟು, ಮರಿ ಸುಮ್ನೆ ನಿಂತು ನೋಡುವ ಕ್ಷಣಕ್ಕೆ ಕಾಯುವುದೇ ಒಳ್ಳೆಯದು.

ಲೆನ್ಸಿನ ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) 4.5 ಸ್ಟಾಪ್ ಕೆಲಸ ಮಾಡುತ್ತದೆ ಎಂದು ಕಂಪನಿ ಹೇಳುತ್ತದೆ; ಒಂದೊಂದು ಸ್ಟಾಪ್ ಅಂದರೆ ಷಟರ್ ಎರಡು ಪಟ್ಟು ನಿಧಾನ ಮಾಡಬಹುದು. ಕೈ ನಡುಕಕ್ಕೆ ನಿಜವಾಗಿಯೂ ಸಹಾಯ ಆಗುತ್ತದೆ. ಆದರೆ ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನು, ಮರಿಯ ಕಿವಿಯ ಅಲುಗಾಟವನ್ನಲ್ಲ. ವಿಆರ್ ಇದೆ ಅಂತ 1/125ಕ್ಕೆ ಇಳಿಸಿದರೆ ಹುಲ್ಲು ಚೂಪಾಗಿ ಬರುತ್ತದೆ, ಮರಿ ಕಲಸಿಹೋಗುತ್ತದೆ. ಓಡಾಡುವ ಮರಿಯ ಜೊತೆ ಲೆನ್ಸ್ ತಿರುಗಿಸುವಾಗ ವಿಆರ್‌ನ ಸ್ಪೋರ್ಟ್ ಮೋಡ್ ಹಾಕಿ.

ಫೋಕಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಆನೆಮರಿ ನಡೆಯುವುದೇ ತಾಯಿಯ ಕಾಲುಗಳ ನಡುವೆ. ನಾವು ಮರಿಯ ಕಣ್ಣು ಹಿಡಿದಿರುತ್ತೇವೆ, ಅಷ್ಟರಲ್ಲಿ ಕಂಬದಂಥ ಕಾಲು ಅಡ್ಡ ಬರುತ್ತದೆ, ಫೋಕಸ್ ಅದಕ್ಕೆ ಅಂಟಿಕೊಳ್ಳುತ್ತದೆ. ಡಿ500ರ ಮೆನುವಿನಲ್ಲಿ ಫೋಕಸ್ ಟ್ರ್ಯಾಕಿಂಗ್ ಲಾಕ್-ಆನ್ ಒಳಗೆ ಬ್ಲಾಕ್ಡ್ ಶಾಟ್ ರೆಸ್ಪಾನ್ಸ್ ಅಂತ ಇದೆ, 1ರಿಂದ 5ರವರೆಗೆ. ಅದನ್ನು 5ಕ್ಕೆ ಇಡಿ. ಕಾಲು ದಾಟಿ ಹೋಗುವವರೆಗೆ ಕ್ಯಾಮೆರಾ ತಾಳ್ಮೆಯಿಂದ ಕಾಯುತ್ತದೆ. ಹುಲ್ಲಿನಲ್ಲಿ ಅಡಗಿ ಕೂತ ಜಿಂಕೆಮರಿಗೆ ಗ್ರೂಪ್ ಏರಿಯಾ (ಹಲವು ಪಾಯಿಂಟ್ ಒಟ್ಟಿಗೆ ಬಳಸುವ ಫೋಕಸ್) ಬೇಡ. ಅದು ಹತ್ತಿರದ ವಸ್ತುವನ್ನು ಮೊದಲು ಹಿಡಿಯುತ್ತದೆ, ಅಂದರೆ ಹುಲ್ಲಿನ ಗರಿಯನ್ನೇ. ಸಿಂಗಲ್ ಪಾಯಿಂಟ್ ಹಾಕಿ, ಕಣ್ಣಿನ ಮೇಲೆ ಇಡಿ.

ಕಾಟಿಯ ಕರು ಇನ್ನೊಂದು ಥರದ ಪರೀಕ್ಷೆ. ಕರು ಹೊಂಬಣ್ಣ, ತಾಯಿ ಕಡುಗಂದು, ಹೆಚ್ಚುಕಮ್ಮಿ ಕಪ್ಪು. ಫ್ರೇಮಿನ ತುಂಬಾ ತಾಯಿಯ ಮೈ ಇದ್ದರೆ ಕ್ಯಾಮೆರಾ ಕತ್ತಲು ಅಂದುಕೊಂಡು ಬೆಳಕು ಏರಿಸುತ್ತದೆ, ಕರುವಿನ ಬಣ್ಣ ಬೆಳ್ಳಗೆ ತೇಲಿಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು-ಕಮ್ಮಿ ಮಾಡುವ ಸೆಟ್ಟಿಂಗ್) ಮೈನಸ್ 0.7ಕ್ಕೆ ಇಟ್ಟು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲು) ತಾಯಿಯ ನೆರಳನ್ನು ಆಮೇಲೆ ಎತ್ತಿಕೊಳ್ಳಿ. ಫ್ಲ್ಯಾಶ್ ಯಾವ ಮರಿಗೂ ಬೇಡವೇ ಬೇಡ.

ತೂಕ ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 2.3 ಕೆ.ಜಿ. ಬಾಡಿ ಸೇರಿದರೆ ಮೂರು ದಾಟುತ್ತದೆ. ನನ್ನ ಭುಜ ಇದನ್ನು ಚೆನ್ನಾಗಿ ಬಲ್ಲದು. ಜೀಪಿನಲ್ಲಿ ಟ್ರೈಪಾಡ್ ಹಿಡಿಸುವುದಿಲ್ಲ. ಬೀನ್ ಬ್ಯಾಗಿಗೆ ರಾಗಿ ತುಂಬಿ ಕಂಬಿಯ ಮೇಲಿಟ್ಟರೆ ಲೆನ್ಸ್ ಅಲ್ಲಾಡುವುದಿಲ್ಲ. ಎಂಜಿನ್ ಆಫ್ ಮಾಡಿಸಿ. ಮಧ್ಯಾಹ್ನದ ಬಿಸಿಲಿಗೆ ಹಿನ್ನೀರಿನ ಮೇಲೆ ಗಾಳಿ ಕುದಿಯುತ್ತಿರುವಾಗ ಎಂಥ ಲೆನ್ಸ್ ಇದ್ದರೂ ಚೂಪು ಬರುವುದಿಲ್ಲ, ಅದಕ್ಕೆ ಇದನ್ನು ಬೈಯಬೇಡಿ.

ಕಬಿನಿಗೆ ಹೋಗುವ ಮೊದಲು ಕೈ ಪಳಗಿಸಲು ಊರಲ್ಲೇ ಜಾಗ ಇದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಂಥ ಕಡೆ ಗುಳುಮುಳುಕ (ನೀರಲ್ಲಿ ಮುಳುಗಿ ಏಳುವ ಪುಟ್ಟ ಹಕ್ಕಿ) ಮರಿ ಮಾಡಿದ್ದರೆ, ಪಟ್ಟೆ ತಲೆಯ ಮರಿಗಳು ಅಪ್ಪ-ಅಮ್ಮನ ಬೆನ್ನೇರಿ ಕೂತಿರುವುದು ಕಾಣಬಹುದು. ಇವನ್ನು 500ರಲ್ಲಿ ಹಿಡಿದರೆ ಆನೆಮರಿ ಸುಲಭ ಅನ್ನಿಸುತ್ತದೆ. ಬನ್ನೇರುಘಟ್ಟ ಪಾರ್ಕಿನ ಜಿಂಕೆಗಳೂ ಅಭ್ಯಾಸಕ್ಕೆ ಒಳ್ಳೆಯವು. ಮಂಗಳವಾರ ರಜೆ, ನೆನಪಿರಲಿ.

ನಿಕಾನ್ ಝಡ್ (ಮಿರರ್‌ಲೆಸ್) ಕ್ಯಾಮೆರಾ ಇದ್ದವರು 2023ರಲ್ಲಿ ಬಂದ ಝಡ್ 180-600 ಲೆನ್ಸ್ ನೋಡಬಹುದು. ಝೂಮ್ ಮಾಡಿದರೆ ಅದರ ಉದ್ದ ಬದಲಾಗುವುದಿಲ್ಲ, ರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು. ಮರಿಗಳ ಹಿಂದೆ ಹೋಗುವವರಿಗೆ ಅದು ಎಷ್ಟು ದೊಡ್ಡ ಅನುಕೂಲ ಅಂತ ಮೇಲೆ ಓದಿದವರಿಗೆ ಗೊತ್ತು. ಆದರೆ 600ರ ತುದಿಯಲ್ಲಿ ಎಫ್ 6.3ಕ್ಕೆ ಇಳಿಯುತ್ತದೆ, ಬೆಲೆಯೂ ಜಾಸ್ತಿ. ಡಿ500ರಂಥ ಡಿಎಸ್‌ಎಲ್‌ಆರ್ ಇದ್ದವರಿಗೆ ನಾನು 200-500 ಅನ್ನೇ ಹೇಳುವುದು, ಅದೂ ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಟಾರ್ಚ್ ಹಾಕಿ ಗಾಜಿನೊಳಗೆ ಫಂಗಸ್ ಇದೆಯಾ ನೋಡಿ, ನಮ್ಮ ಮಳೆಗಾಲದಲ್ಲಿ ಅದು ಬೇಗ ಹಿಡಿಯುತ್ತದೆ. ಝೂಮ್ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲಾದರೂ ಹಿಡಿಯುತ್ತದೆಯೇ ನೋಡಿ. ಜೊತೆಗೆ 1.4 ಟೆಲಿಕನ್ವರ್ಟರ್ (ಲೆನ್ಸಿಗೆ ಸೇರಿಸಿ 1.4 ಪಟ್ಟು ಹತ್ತಿರ ತೋರಿಸುವ ಭಾಗ) ಕೊಡುತ್ತೇನೆ ಅಂದರೆ ಬೇಡ ಅನ್ನಿ. ಲೆನ್ಸ್ ಎಫ್ 8 ಆಗಿ, ಡಿ500ರ 153 ಫೋಕಸ್ ಪಾಯಿಂಟ್‌ಗಳಲ್ಲಿ 15 ಮಾತ್ರ ಕೆಲಸಕ್ಕೆ ಉಳಿಯುತ್ತವೆ.