ಮಧ್ಯಾಹ್ನ ಬಾಡುವ ಟೊಮೆಟೊ: ಬೇರು ನೋಡದೆ ಸಸಿ ಕೊಳ್ಳಬೇಡಿ

ಸಂಕ್ರಾಂತಿ ಕಳೆದರೆ ಕಲಬುರಗಿಯ ರಸ್ತೆ ಬದಿಯಲ್ಲಿ ಟೊಮೆಟೊ, ಬದನೆ, ಮೆಣಸಿನ ಸಸಿಗಳ ಮಾರಾಟ ಜೋರು. ಹಿತ್ತಲಲ್ಲಿ ಬೇಸಿಗೆ ಕಾಯಿಪಲ್ಯ ಹಾಕುವವರು ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ಹೋದ ವರ್ಷ ನಾವು ಅಂಥದ್ದೇ ಒಂದು ಕಡೆ ಸಸಿ ತಗೊಂಡೆವು. ಎಲೆ ಹಸಿರು, ಕಾಂಡ ಗಟ್ಟಿ. ಒಂದನ್ನು ಬಿಚ್ಚಿ ಬೇರು ತೋರಿಸಿ ಅಂದರೆ ಮಾರುವವರು ಒಪ್ಪಲೇ ಇಲ್ಲ. "ಬೇರು ಬಿಚ್ಚಿದ್ರ ಸಸಿ ಸಾಯ್ತದ್ರೀ ಅಕ್ಕಾರ" ಅಂದರು. ಫೆಬ್ರವರಿ ಕೊನೆಗೆ ಗಿಡಗಳು ಮಧ್ಯಾಹ್ನ ಬಾಡಿ, ಸಂಜೆಗೆ ಚೇತರಿಸಿಕೊಳ್ಳತೊಡಗಿದವು. ನಮ್ಮೂರಿನ ಬಿಸಿಲು ಗೊತ್ತಲ್ವಾ, ಎಲ್ಲರೂ ಅದರ ಮೇಲೇ ಹಾಕಿದರು. ಮಾರಿದವರೂ "ಬಿಸಿಲಿಗ ಹಂಗ ಆಗ್ತದ್ರೀ, ನೀರು ಹಾಕ್ರಿ" ಅಂದು, ಜೊತೆಗೆ ಒಂದು ಗೊಬ್ಬರದ ಪೊಟ್ಟಣವನ್ನೂ ಮಾರಿದರು. ಎಲೆ ಹಳದಿಯಾಯಿತು, ಹೂ ಉದುರಿತು, ಗಿಡ ಮೊಣಕಾಲೆತ್ತರ ದಾಟಲಿಲ್ಲ.

ಒಂದು ಗಿಡ ಕಿತ್ತು ನೋಡಿದರೆ ಬೇರೆಲ್ಲ ಹಸಿ ಶುಂಠಿಯ ಹಾಗೆ ಉಬ್ಬಿ ಗಂಟುಗಂಟಾಗಿತ್ತು. ಇದು ಬೇರುಗಂಟು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಬೇರಿನೊಳಗೆ ಸೇರಿ ಗಂಟು ಮಾಡುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಗಿಡಕ್ಕೆ ಸರಿಯಾಗಿ ಏರುವುದಿಲ್ಲ. ಒಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ. ಮಣ್ಣು ಬೆಚ್ಚಗಿದ್ದರೆ ತಿಂಗಳೊಳಗೆ ಮುಂದಿನ ಪೀಳಿಗೆ ತಯಾರು. ಟೊಮೆಟೊಗೆ ಮಾತ್ರ ಅಲ್ಲ. ಬದನೆ, ಬೆಂಡೆ, ಸೌತೆ, ಹೀರೆ ಯಾವುದನ್ನೂ ಬಿಡುವುದಿಲ್ಲ. ದುಡ್ಡು ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ಸಸಿಯ ಜೊತೆ ಬಂದದ್ದು ನಮ್ಮ ಮಣ್ಣಿಗೇ ಸೇರಿಬಿಟ್ಟಿತು.

ತೊಗರಿ ಬೆಳೆಯುವವರಿಗೆ ಒಂದು ಅನುಮಾನ ಬರಬಹುದು, ತೊಗರಿ ಬೇರಲ್ಲೂ ಗಂಟು ಇರುತ್ತದಲ್ಲ ಅಂತ. ಅವು ಗಾಳಿಯ ಸಾರಜನಕ ಹಿಡಿದು ಕೊಡುವ ಒಳ್ಳೆಯ ಗಂಟು. ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಬೆರಳಲ್ಲಿ ಉಜ್ಜಿದರೆ ಕಳಚಿ ಬರುತ್ತವೆ. ಈ ರೋಗದಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಬರುವುದಿಲ್ಲ. ಟೊಮೆಟೊ, ಬದನೆ ಬೇರಲ್ಲಂತೂ ಯಾವ ಗಂಟೂ ಇರಬಾರದು.

ಒಂದು ಸಸಿಯ ದುಡ್ಡು ಹೋದರೂ ಪರವಾಗಿಲ್ಲ, ಅಲ್ಲೇ ಮಣ್ಣು ತೊಳೆದು ಬೇರು ನೋಡಿ. ತೋರಿಸಲು ಒಪ್ಪದಿದ್ದರೆ ಸುಮ್ನೆ ವಾಪಸ್ ಬನ್ನಿ. ಎಳೆ ಸಸಿಯಲ್ಲಿ ಗಂಟು ಸಾಸಿವೆಗಿಂತ ಸಣ್ಣದಿರಬಹುದು, ಬೆಳಕಿಗೆ ಹಿಡಿದು ನೋಡಿ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಳೆಸಿದ ಸಸಿ ಆದಷ್ಟು ಮೇಲು. ಒಂದೇ ಮಡಿಯ ಮಣ್ಣಲ್ಲಿ ವರ್ಷಗಟ್ಟಲೆ ಬೆಳೆಸಿದ ಸಸಿಯಲ್ಲೇ ಅಪಾಯ ಜಾಸ್ತಿ.

ಈಗಾಗಲೇ ರೋಗ ಬಂದಿದ್ದರೆ ನಮ್ಮ ಬಿಸಿಲೇ ಉಪಕಾರಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮಣ್ಣನ್ನು ಅಗೆದು ಚೆನ್ನಾಗಿ ನೆನೆಸಿ. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಲ್ಲಿ ಮುಚ್ಚಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಆಳದಲ್ಲಿ ಉಳಿದ ಹುಳು ಮತ್ತೆ ಬರುತ್ತದೆ, ಹಾಗಾಗಿ ಆಮೇಲೆ ಬೇವಿನ ಹಿಂಡಿ ಬೆರೆಸಿ, ಮಳೆಗಾಲದಲ್ಲಿ ಅಲ್ಲಿ ಚೆಂಡು ಹೂ ಹಾಕಿ.

ಕಿತ್ತ ಬೇರನ್ನು ತಿಪ್ಪೆಗೆ ಎಸೆಯಬೇಡಿ, ಒಣಗಿಸಿ ಸುಟ್ಟುಬಿಡಿ. ಪಕ್ಕದ ಮನೆಯವರು ಸಲಿಕೆ ಕೇಳಿದರೆ ಮಣ್ಣೆಲ್ಲ ತೊಳೆದೇ ಕೊಡಿ.